ಚಂದ್ರಿ ಜೈಲಿಗೆ ಹೋದ ಕತೆ

ಇಂದಿರಾನಗರದ ನೂರಡಿ ರಸ್ತೆಯಲ್ಲಿ ಆ ಹೆಸರು ಕಣ್ಣಿಗೆ ಬೀಳದೆ ಹತ್ತು ಹೆಜ್ಜೆ ನಡೆಯೋದು ಕಷ್ಟ. ಬಸ್ಸಿನ ಬೋರ್ಡು, ಬ್ಯಾಂಕು, ಪೊಲೀಸ್ ಠಾಣೆ, ಮೆಟ್ರೋ ನಿಲ್ದಾಣ, ಎಲ್ಲದರ ಹಣೆಯ ಮೇಲೂ ಅದೇ. ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿ, ಅಪ್ಪಾರೆಡ್ಡಿಪಾಳ್ಯ ಅನ್ನೋ ಹಳ್ಳಿಗಳ ನಡುವೆ, ಅವುಗಳ ಹೊಲ ತೋಟಗಳೇ ಸೈಟುಗಳಾಗಿ, 1970ರ ದಶಕದಲ್ಲಿ ಎದ್ದ ಬಡಾವಣೆ ಇದು. ಆಗ ದೇಶದ ಪ್ರಧಾನಿಯಾಗಿದ್ದ ಇಂದಿರಾ ಗಾಂಧಿಯವರ ಹೆಸರು ಇದಕ್ಕೆ ಬಂತು. ಹೊಲ ಕಳಕೊಂಡವರ ಹೆಸರನ್ನು ಬಡಾವಣೆಗೆ ಇಡುವ ಪದ್ಧತಿ ನಮ್ಮ ದೇಶದಲ್ಲಿಲ್ಲ.

ನಾವು ಈ ಹೆಸರಿನ ಮೇಲೆ ಜಗಳ ತೆಗೆಯಲು ಹೊರಟವರಲ್ಲ. ಬೋರ್ಡು ಕಿತ್ತು ಬೋರ್ಡು ನೆಡುವ ರಾಜಕಾರಣ ಮಾಡೋರು ಬೇರೆ ಇದ್ದಾರೆ. ನಮ್ಮ ತಕರಾರು ಇಷ್ಟೆ: ಒಂದು ಹೆಸರನ್ನು ದಿನಕ್ಕೆ ಇಷ್ಟು ಸಲ ಓದುವ ಊರು, ಆ ಹೆಸರಿನ ಆಡಳಿತ ಇದೇ ಊರಿನ ಜೈಲಿನಲ್ಲಿ ಕೂಡಿಹಾಕಿದ ಇನ್ನೊಬ್ಬ ಹೆಂಗಸಿನ ಹೆಸರನ್ನು ವರ್ಷಕ್ಕೊಂದು ಸಲವಾದರೂ ಓದಬೇಕು. ಆಕೆ ಸ್ನೇಹಲತಾ ರೆಡ್ಡಿ. ಇಂದಿರಾನಗರದಿಂದ ಹಲಸೂರು ದಾಟಿ ಎಂ.ಜಿ. ರಸ್ತೆ ಹಿಡಿದು ಹೋದರೆ ಆಕೆಯ ಮನೆಯಿದ್ದ ಸೇಂಟ್ ಮಾರ್ಕ್ಸ್ ರಸ್ತೆ ಸಿಗುತ್ತದೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಶೇಷಾದ್ರಿ ರಸ್ತೆಯ ಹಳೇ ಸೆಂಟ್ರಲ್ ಜೈಲು. ಒಂದು ಬದುಕಿನ ವೈಭವ ಮತ್ತು ಸಂಕಟ ಎರಡೂ ಇಷ್ಟು ಹತ್ತಿರ ಹತ್ತಿರ ನಡೆದುಹೋಗಿವೆ. ಆದರೂ ಕಾಲೇಜು ಹುಡುಗರನ್ನು ಕೇಳಿ ನೋಡಿ; ಹತ್ತರಲ್ಲಿ ಒಬ್ಬರಿಗೆ ಗೊತ್ತಿದ್ದರೆ ಹೆಚ್ಚು.

*

ಸಿನಿಮಾ ತಾರೆ ಹೋರಾಟಗಾರ್ತಿಯಾದ ಕತೆ ಅಂದ ಕೂಡಲೆ ಜಗತ್ತಿನ ಪತ್ರಿಕೆಗಳು ಫ್ರಾನ್ಸಿನ ಬ್ರಿಜಿತ್ ಬಾರ್ದೊ ಕಡೆ ಕೈ ತೋರಿಸುತ್ತವೆ. 1956ರಲ್ಲಿ ಬಂದ ಒಂದು ಚಿತ್ರದಿಂದ ಲೋಕಪ್ರಸಿದ್ಧರಾದ ಬಾರ್ದೊ 1973ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಸಿನಿಮಾ ಬಿಟ್ಟರು. ಪ್ರಾಣಿಗಳ ಪರ ನಿಂತರು. 1977ರಲ್ಲಿ ಕೆನಡಾದ ಹಿಮದ ಮೇಲೆ ಹೋಗಿ, ಚರ್ಮಕ್ಕಾಗಿ ಸೀಲ್ ಮರಿಗಳನ್ನು ಬಡಿದು ಕೊಲ್ಲುವುದನ್ನು ಲೋಕಕ್ಕೆ ಸಾರಿದರು. 1983ರಲ್ಲಿ ಯೂರೋಪಿನ ದೇಶಗಳು ಆ ಮರಿಗಳ ಚರ್ಮದ ಆಮದು ನಿಲ್ಲಿಸಿದವು. 1986ರಲ್ಲಿ ಆಕೆ ತನ್ನ ಹೆಸರಿನ ಪ್ರತಿಷ್ಠಾನ ಕಟ್ಟಿದರು. ಇದೆಲ್ಲ ಸಣ್ಣ ಕೆಲಸವಲ್ಲ, ಒಪ್ಪೋಣ. ಆದರೆ ಅದೇ ಬಾಯಿ ಮುಸ್ಲಿಮರ ಬಗ್ಗೆ, ವಲಸೆ ಬಂದವರ ಬಗ್ಗೆ ಆಡಿದ ಮಾತುಗಳಿಗೆ ಫ್ರಾನ್ಸಿನ ನ್ಯಾಯಾಲಯಗಳು ಮತ್ತೆ ಮತ್ತೆ ದಂಡ ಹಾಕಿದವು. ಪ್ರಾಣಿಗೆ ಕರಗಿದ ಎದೆ ಮನುಷ್ಯನ ಹತ್ತಿರ ಬಂದಾಗ ಕಲ್ಲಾಯಿತು. ಇದು ನಮಗೆ ಹೊಸದೇನಲ್ಲ. ಇರುವೆ ಗೂಡಿಗೆ ಸಕ್ಕರೆ ಹಾಕಿ, ನಾಯಿಗೆ ಹಾಲು ಹಾಕಿ, ಕೇರಿಯವರಿಗೆ ಬಾವಿ ಮುಟ್ಟಬೇಡಿ ಅಂದ ದಯಾಳುಗಳು ನಮ್ಮ ಊರೂರಿನಲ್ಲಿ ಇದ್ದರು.

ಹಾಗಾಗಿ ತಾರೆಯ ಹೋರಾಟ ಅಂದಾಗ ನಾವು ಎರಡು ಪ್ರಶ್ನೆ ಕೇಳಬೇಕು. ಆಕೆ ಯಾರ ಪಕ್ಕ ಕೂತಳು? ಅದಕ್ಕೆ ಏನು ತೆತ್ತಳು? ಈ ಎರಡು ಪ್ರಶ್ನೆ ಇಟ್ಟುಕೊಂಡೇ ಸ್ನೇಹಲತಾ ಕಡೆ ಬರೋಣ.

*

ಸ್ನೇಹಲತಾ ಹುಟ್ಟಿದ್ದು 1932ರಲ್ಲಿ, ಆಂಧ್ರ ಮೂಲದ, ಕ್ರೈಸ್ತ ಮತಕ್ಕೆ ಸೇರಿದ ಕುಟುಂಬದಲ್ಲಿ. ಬ್ರಿಟಿಷರ ಆಳ್ವಿಕೆಯ ಮೇಲಿನ ಸಿಟ್ಟು ಎಳವೆಯಲ್ಲೇ ಬಂದಿತ್ತು. ಭರತನಾಟ್ಯ ಕಲಿತರು. 1960ರ ದಶಕದಲ್ಲಿ ಮದ್ರಾಸಿನಲ್ಲಿ 'ಮದ್ರಾಸ್ ಪ್ಲೇಯರ್ಸ್' ನಾಟಕ ತಂಡವನ್ನು ಕಟ್ಟಿ ಬೆಳೆಸಿದವರಲ್ಲಿ ಒಬ್ಬರಾದರು. ಗಂಡ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಹೊಸ ಕಾವ್ಯದ ದಾರಿ ತೆರೆದ ಕವಿಗಳಲ್ಲಿ ಒಬ್ಬರು, ನೆಲ್ಲೂರಿನವರು. ಇಬ್ಬರೂ ರಾಮಮನೋಹರ ಲೋಹಿಯಾ ಅವರನ್ನು ಮೆಚ್ಚಿ ಸಮಾಜವಾದಿಗಳಾದವರು. ಜಾತಿ ಒಡೆಯದೆ ವರ್ಗ ಒಡೆಯೋದಿಲ್ಲ, ಹೆಣ್ಣು ಮೇಲೇಳದೆ ದೇಶ ಮೇಲೇಳೋದಿಲ್ಲ ಅನ್ನೋ ಲೋಹಿಯಾ ವಿಚಾರ ಆ ಕಾಲದ ಕರ್ನಾಟಕದಲ್ಲಿ ಎಷ್ಟೊಂದು ಜನರನ್ನು ಎಬ್ಬಿಸಿತ್ತು ಅನ್ನೋದು ಈ ಪುಟಗಳ ಓದುಗರಿಗೆ ಹೇಳಬೇಕಾದ್ದಿಲ್ಲ.

ಇಲ್ಲೇ ಒಂದು ಮಾತು ಎದ್ದುನಿಲ್ಲುತ್ತದೆ. ಇಂಗ್ಲಿಷ್ ನಾಟಕ ಆಡುತ್ತಿದ್ದಾಕೆ, ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಇದ್ದಾಕೆ, ನಮ್ಮವಳು ಹೇಗಾದಾಳು? ದಂಡಿನ ಪ್ರದೇಶದ ಆ ರಸ್ತೆಗಳಲ್ಲಿ ನಮ್ಮವರು ಕಂಡದ್ದು ಕಸಬರಿಕೆ ಹಿಡಿದಾಗ, ಇಲ್ಲ ಗಾಡಿ ತಳ್ಳಿದಾಗ. ಅನುಮಾನ ಸರಿಯಾದದ್ದೇ. ಮೇಲಿನಿಂದ ಇಳಿದುಬಂದು ನಮ್ಮ ಹೆಗಲ ಮೇಲೆ ಕೈಹಾಕಿದವರನ್ನೆಲ್ಲ ನಂಬಿ ನಾವು ಮೋಸ ಹೋದದ್ದು ಒಂದೆರಡು ಸಲವಲ್ಲ. ಈ ಅನುಮಾನವನ್ನು ಹಾಗೇ ಇಟ್ಟುಕೊಳ್ಳೋಣ. ಉತ್ತರ ಜೈಲಿನಲ್ಲಿದೆ.

*

ಅದಕ್ಕೆ ಮೊದಲು ಸಿನಿಮಾ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ ಬಂದದ್ದು 1965ರಲ್ಲಿ. ಪಟ್ಟಾಭಿಯವರು ಅದನ್ನು ಚಿತ್ರ ಮಾಡಿದರು, 1970ರಲ್ಲಿ ಬಂತು. ಶೃಂಗೇರಿ ಸೀಮೆಯ ಹಳ್ಳಿಯಲ್ಲಿ ಚಿತ್ರೀಕರಣ ನಡೆಯಿತು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶರು ನಾರಣಪ್ಪ, ಸ್ನೇಹಲತಾ ಚಂದ್ರಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೊವನ್, ಸಂಗೀತ ರಾಜೀವ ತಾರಾನಾಥರದು. ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಹಿಡಿಯಿತು. ಜಾತಿಯ ಕೊಳಕನ್ನು ತೋರಿಸಿದರೆ ಶಾಂತಿಭಂಗವಾಗುತ್ತದೆ ಅನ್ನೋದು ನಮ್ಮ ವ್ಯವಸ್ಥೆಯ ಹಳೇ ಭಯ; ಜಾತಿ ಆಚರಿಸಿದರೆ ಯಾವ ಶಾಂತಿಗೂ ಭಂಗ ಬರೋದಿಲ್ಲ! ಕೊನೆಗೆ ಬಿಡುಗಡೆ ಸಿಕ್ಕಿತು. ದೇಶದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಪ್ರಶಸ್ತಿಯೂ ಬಂತು. ಕನ್ನಡ ಚಿತ್ರವೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಕತೆ ಗೊತ್ತಿರೋದೇ. ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಜಾತಿ ಕೆಡಿಸಿಕೊಂಡವನ ಹೆಣ ಸುಡುವವರು ಯಾರು ಅಂತ ಪಂಡಿತರು ಗ್ರಂಥ ತಿರುವುತ್ತಾರೆ. ಅವನೊಂದಿಗೆ ಬದುಕಿದ ಕೀಳುಜಾತಿಯ ಚಂದ್ರಿ ಮೈಮೇಲಿನ ಬಂಗಾರ ಬಿಚ್ಚಿಟ್ಟು, ಇದರಿಂದ ಅವನ ಸಂಸ್ಕಾರ ಮಾಡಿ ಅನ್ನುತ್ತಾಳೆ. ಬಂಗಾರ ಕಂಡದ್ದೇ ಧರ್ಮದ ಬಾಯಲ್ಲಿ ನೀರೂರುತ್ತದೆ. ಹೆಣ ನಾರುತ್ತದೆ, ಗ್ರಂಥ ಮುಗಿಯೋದಿಲ್ಲ. ಕೊನೆಗೆ ಒಬ್ಬ ಮುಸಲ್ಮಾನನ ಸಹಾಯ ಪಡೆದು ಚಂದ್ರಿಯೇ ಆ ಹೆಣವನ್ನು ಸುಟ್ಟು ಹೊರಟುಹೋಗುತ್ತಾಳೆ. ಅಗ್ರಹಾರಕ್ಕೆ ಅದು ಗೊತ್ತೇ ಆಗುವುದಿಲ್ಲ.

ನಮ್ಮ ಕಣ್ಣಿಗೆ ಈ ಕತೆಯಲ್ಲಿ ಇನ್ನೊಂದು ಸಾವು ಕಾಣುತ್ತದೆ. ಅದೇ ಬೇನೆಗೆ ಕೇರಿಯಲ್ಲೂ ಜನ ಸಾಯುತ್ತಾರೆ. ಬೆಳ್ಳಿಯ ಅಪ್ಪ ಅವ್ವ ಸತ್ತಾಗ ಗುಡಿಸಲಿಗೇ ಬೆಂಕಿ. ಅವರಿಗೆ ಯಾವ ಗ್ರಂಥ, ಯಾವ ಚರ್ಚೆ? ಕನ್ನಡ ವಿಮರ್ಶೆ ಆಚಾರ್ಯರ ತಳಮಳದ ಮೇಲೆ ರಾಶಿ ರಾಶಿ ಬರೆಯಿತು, ಆ ಗುಡಿಸಲ ಮೇಲೆ ಬರೆದದ್ದು ಕಡಿಮೆ. ಕಾದಂಬರಿ ಬ್ರಾಹ್ಮಣರ ಮನೆಯೊಳಗಿನ ಜಗಳ ಅನ್ನೋ ಟೀಕೆ ನಮ್ಮ ಕಡೆಯಿಂದ ಬಂದಿದೆ, ಆ ಟೀಕೆಯನ್ನು ಹಿಂದಕ್ಕೆ ತಗೊಳ್ಳೋ ಅಗತ್ಯವಿಲ್ಲ. ಆದರೆ ಅದರೊಳಗೆ ಚಂದ್ರಿ ಒಬ್ಬಳು ಬೇರೆಯೇ ನಿಲ್ಲುತ್ತಾಳೆ. ಎಲ್ಲರೂ ಏನು ಮಾಡಬೇಕು ಅಂತ ಚರ್ಚಿಸುವಾಗ ಅವಳು ಕೆಲಸ ಮಾಡಿ ಮುಗಿಸುತ್ತಾಳೆ. ಸ್ನೇಹಲತಾ ಆ ಪಾತ್ರವನ್ನು ಹೆಚ್ಚು ಮಾತಿಲ್ಲದೆ, ಕಣ್ಣಿನಲ್ಲಿ ಆಡಿದರು.

*

ಈಗ ತುರ್ತುಪರಿಸ್ಥಿತಿ. 1975ರ ಜೂನ್ 25ರ ರಾತ್ರಿ ಘೋಷಣೆಯಾಯಿತು, 1977ರ ಮಾರ್ಚ್ 21ರವರೆಗೆ ಇತ್ತು. ಇದರ ಬಗ್ಗೆ ಬರೆಯುವಾಗ ದಲಿತ ಚಳವಳಿಯ ನಾವು ಪ್ರಾಮಾಣಿಕವಾಗಿರಬೇಕು. ಪಟ್ಟಣದ ವಕೀಲರು ಪ್ರಾಧ್ಯಾಪಕರು ಬೈದಷ್ಟು ನಮ್ಮ ಕೇರಿಗಳು ಆ ಕಾಲವನ್ನು ಬೈಯಲಿಲ್ಲ. ಕಾರಣವೂ ಇತ್ತು. ಇಪ್ಪತ್ತು ಅಂಶದ ಕಾರ್ಯಕ್ರಮ ಬಂತು. 1975ರ ಅಕ್ಟೋಬರಿನಲ್ಲಿ ಜೀತಪದ್ಧತಿ ರದ್ದಾಯಿತು ಅಂತ ಕಾನೂನು ಹೇಳಿತು. ಕರ್ನಾಟಕದಲ್ಲಿ ದೇವರಾಜ ಅರಸು ಮುಖ್ಯಮಂತ್ರಿ; 1974ರ ಭೂಸುಧಾರಣಾ ತಿದ್ದುಪಡಿಯ ಪ್ರಕಾರ ನ್ಯಾಯಮಂಡಳಿಗಳು ಗೇಣಿದಾರರ ಅರ್ಜಿ ಕೇಳುತ್ತಿದ್ದವು. ಹಾವನೂರು ಆಯೋಗ ವರದಿ ಕೊಟ್ಟದ್ದೂ 1975ರಲ್ಲೇ. ಹೊಟ್ಟೆಗಿಲ್ಲದವನಿಗೆ ಪತ್ರಿಕಾ ಸ್ವಾತಂತ್ರ್ಯ ಯಾಕೆ ಅಂತ ಕೇಳಿದ ಗೆಳೆಯರು ನಮ್ಮಲ್ಲೇ ಇದ್ದರು.

ಆದರೆ ಅದೇ ಆಡಳಿತ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿತು. ಟಾರ್ಗೆಟ್ ಮುಟ್ಟಿಸಲು ಹಿಡಿದುತಂದವರಲ್ಲಿ ಬಡವರೇ ಹೆಚ್ಚು, ಎಷ್ಟೋ ಕಡೆ ಹಳ್ಳಿ ಮೇಷ್ಟ್ರಿಗೂ ಕೋಟಾ ಹಾಕಿದರು. ದಿಲ್ಲಿಯ ತುರ್ಕಮಾನ್ ಗೇಟಿನಲ್ಲಿ 1976ರ ಏಪ್ರಿಲ್‌ನಲ್ಲಿ ಮನೆ ಕಳಕೊಂಡವರು ಬಡ ಮುಸಲ್ಮಾನರು. ಕೊಡುವ ಕೈ ಯಾರಿಗೂ ಉತ್ತರ ಹೇಳಬೇಕಾಗಿಲ್ಲ ಅಂದಾಗ, ಅದು ಕಿತ್ತುಕೊಳ್ಳುವ ಕೈಯಾಗಲು ಎಷ್ಟು ಹೊತ್ತು ಬೇಕು? ಹಕ್ಕು ಅನ್ನೋದು ಮೇಲಿನವರ ಶೋಕಿ ಅಲ್ಲ ಅನ್ನೋ ಪಾಠವನ್ನು ನಾವು ಆ ಇಪ್ಪತ್ತೊಂದು ತಿಂಗಳಲ್ಲಿ ಕಲಿಯಬೇಕಿತ್ತು. ಕೆಲವರು ಕಲಿತೆವು, ಕೆಲವರು ತಡವಾಗಿ ಕಲಿತೆವು.

*

ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಪಟ್ಟಾಭಿ-ಸ್ನೇಹಲತಾ ದಂಪತಿಗಳ ಗೆಳೆಯರು. ಜಾರ್ಜ್ ಹುಡುಕಾಟದಲ್ಲಿ ಪೊಲೀಸರು ಅವರ ಕುಟುಂಬದ ಮೇಲೆ ಬಿದ್ದರು. ಬೆಂಗಳೂರಿನ ಐಟಿಐ ಕಾರ್ಮಿಕ ಮುಖಂಡರಾಗಿದ್ದ ತಮ್ಮ ಮೈಕೆಲ್ ಬಂಧನದಲ್ಲಿದ್ದರು. ಇನ್ನೊಬ್ಬ ತಮ್ಮ ಲಾರೆನ್ಸ್ ಅವರನ್ನು 1976ರ ಮೇ 1ರಂದು ಇದೇ ಊರಿನಲ್ಲಿ ಹಿಡಿದು, ಎದ್ದು ನಿಲ್ಲಲಾಗದ ಹಾಗೆ ಹೊಡೆದರು. ಕಾರ್ಮಿಕ ದಿನದ ಉಡುಗೊರೆ! ಮಾರನೆ ದಿನ, ಮೇ 2ರಂದು, ಸ್ನೇಹಲತಾ ಬಂಧನವಾಯಿತು.

ಆ ತಾರೀಖಿನ ಹಿಂದೆ ಇನ್ನೊಂದು ತಾರೀಖಿದೆ. 1976ರ ಏಪ್ರಿಲ್ 28. ತುರ್ತುಪರಿಸ್ಥಿತಿ ಇರುವವರೆಗೆ, ನನ್ನನ್ನು ಅಕ್ರಮವಾಗಿ ಹಿಡಿದಿದ್ದಾರೆ ಅಂತ ಯಾವ ಪ್ರಜೆಯೂ ಕೋರ್ಟಿಗೆ ಹೋಗುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು ಅಂದು ತೀರ್ಪು ಕೊಟ್ಟಿತು. ಐವರಲ್ಲಿ ನಾಲ್ವರು ಹಾಗಂದರು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅದಾದ ನಾಲ್ಕೇ ದಿನಕ್ಕೆ ಸ್ನೇಹಲತಾ ಒಳಗೆ ಹೋದರು. ಅಂದರೆ ಆಕೆಯ ಹಿಂದೆ ಬಾಗಿಲು ಹಾಕುವ ಮೊದಲೇ ದೇಶದ ದೊಡ್ಡ ಬಾಗಿಲು ಹಾಕಿಯಾಗಿತ್ತು. ಆ ತೀರ್ಪು ತಪ್ಪು ಅಂತ ಅದೇ ನ್ಯಾಯಾಲಯ ಒಪ್ಪಿ ಅಳಿಸಿದ್ದು 2017ರಲ್ಲಿ, ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ನಲವತ್ತೊಂದು ವರ್ಷ!

ಬರೋಡಾ ಡೈನಮೈಟ್ ಮೊಕದ್ದಮೆಗೆ ಆಕೆಯ ಹೆಸರು ತಳುಕು ಹಾಕಿದರು. ಕೊನೆಗೆ ಜಾರ್ಜ್ ಮೊದಲಾದವರ ಮೇಲೆ ಆರೋಪಪಟ್ಟಿ ಹಾಕಿದಾಗ ಅದರಲ್ಲಿ ಸ್ನೇಹಲತಾ ಹೆಸರೇ ಇಲ್ಲ. ಆರೋಪವಿಲ್ಲ ಅಂದಮೇಲೆ ಬಿಡಬೇಕಲ್ಲ? ಬಿಡಲಿಲ್ಲ. ಮೀಸಾ ಇತ್ತು, ಮೀಸಾಕ್ಕೆ ಆರೋಪವೂ ಬೇಡ, ವಿಚಾರಣೆಯೂ ಬೇಡ. ಎಂಟು ತಿಂಗಳಿಗೂ ಹೆಚ್ಚು ಕಾಲ ಆಕೆ ಸೆಂಟ್ರಲ್ ಜೈಲಿನ ಒಂಟಿ ಕೋಣೆಯಲ್ಲಿದ್ದರು. ಒಬ್ಬರು ಮೈಚಾಚುವಷ್ಟು ಅಗಲ, ಮೂಲೆಯಲ್ಲೊಂದು ತೂತು, ಅದೇ ಕಕ್ಕಸು. ಆಕೆಗೆ ಮೊದಲಿಂದಲೂ ಉಬ್ಬಸ. ಸರಿಯಾದ ಔಷಧವಿಲ್ಲದೆ ಉಬ್ಬಸ ಏರಿ ಪ್ರಜ್ಞೆ ತಪ್ಪಿದ್ದೂ ಉಂಟು. ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ, ರಾತ್ರಿಯ ಮೌನದಲ್ಲಿ ಆಕೆಯ ಕೂಗು ತಮಗೆ ಕೇಳುತ್ತಿತ್ತು ಅಂತ ಮುಂದೆ ಬರೆದರು. ಉಬ್ಬಸದವರ ಮನೆಯಲ್ಲಿ ಬೆಳೆದವರಿಗೆ ಅದು ಎಂಥ ಕೂಗು ಅಂತ ಗೊತ್ತು. ಗಾಳಿ ಎಲ್ಲ ಕಡೆ ಇರುತ್ತದೆ, ಎದೆಯೊಳಗೆ ಮಾತ್ರ ಬರೋದಿಲ್ಲ.

*

ಇನ್ನು ನಮ್ಮ ಅನುಮಾನಕ್ಕೆ ಉತ್ತರ. ಜೈಲಿನಲ್ಲಿ ಆಕೆ ದಿನಚರಿ ಬರೆದರು; ಸತ್ತ ಮೇಲೆ 1977ರಲ್ಲಿ ಅದು ಪುಸ್ತಕವಾಯಿತು. ನಾಯಕರ ಜೈಲು ದಿನಚರಿಗಳನ್ನು ನಾವು ಓದಿದ್ದೇವೆ. ಅವುಗಳಲ್ಲಿ ದೇಶದ ಭವಿಷ್ಯ ಇರುತ್ತದೆ, ಓದಿದ ಪುಸ್ತಕಗಳಿರುತ್ತವೆ, ದೊಡ್ಡವರ ಹೆಸರಿರುತ್ತವೆ. ಸ್ನೇಹಲತಾ ದಿನಚರಿಯಲ್ಲಿ ಹೆಂಗಸರ ವಾರ್ಡು ಇದೆ. ಒಳಗೆ ಬಂದ ಕೂಡಲೇ ಕೈದಿ ಹೆಂಗಸನ್ನು ಎಲ್ಲರ ಮುಂದೆ ಬತ್ತಲೆ ಮಾಡಿ ತಪಾಸಣೆ ಮಾಡುತ್ತಿದ್ದ ಬಗ್ಗೆ ಆಕೆ ಬರೆದರು. ಶಿಕ್ಷೆ ಕೊಟ್ಟಾಯಿತಲ್ಲ, ಮೇಲೆ ಮೈಗೂ ಯಾಕೆ ಅವಮಾನ ಅಂತ ಕೇಳಿದರು. ವಾರ್ಡಿನಲ್ಲಿ ಬೀಳುತ್ತಿದ್ದ ಏಟುಗಳ ವಿರುದ್ಧ ಉಪವಾಸ ಕೂತರು. ಉಬ್ಬಸದ ಮೈ, ಒಂಟಿ ಕೋಣೆ, ಮೇಲೆ ಉಪವಾಸ. ಹೊಡೆಯುವುದು ನಿಂತಿತು, ಊಟ ಸ್ವಲ್ಪ ಸುಧಾರಿಸಿತು. ಜೈಲಿನಲ್ಲಿ ತಾನು ಮಾಡಿದ ಸಾರ್ಥಕ ಕೆಲಸ ಅಂತ ಆಕೆ ಲೆಕ್ಕ ಹಾಕಿಕೊಂಡದ್ದು ಇವನ್ನೇ.

ಹೆಂಗಸರ ವಾರ್ಡಿನಲ್ಲಿ ಯಾರಿರುತ್ತಾರೆ, ಗೆಳೆಯರೇ? ಸಾರಾಯಿ ಮಾರಿ ಸಿಕ್ಕಿಬಿದ್ದಾಕೆ, ಜೇಬು ಕತ್ತರಿಸಿದಾಕೆ, ಮೈ ಮಾರಿ ಹೊಟ್ಟೆ ಹೊರೆದಾಕೆ, ತಲೆ ಕೆಟ್ಟಿದೆ ಅಂತ ತಳ್ಳಿಸಿಕೊಂಡಾಕೆ, ಜಾಮೀನಿಗೆ ಹಣವಿಲ್ಲದಾಕೆ. ಇವರ ಜಾತಿ ಕೇಳಬೇಕಾಗಿಲ್ಲ. ಸರ್ಕಾರದ ಅಂಕಿಅಂಶವೇ ಹೇಳುತ್ತದೆ: ದೇಶದ ಜೈಲುಗಳಲ್ಲಿ ಮುಕ್ಕಾಲು ಪಾಲು ಜನ ವಿಚಾರಣಾಧೀನರು, ಅವರಲ್ಲಿ ದಲಿತರು, ಆದಿವಾಸಿಗಳು, ಮುಸ್ಲಿಮರು ಜನಸಂಖ್ಯೆಯ ಪಾಲಿಗಿಂತ ಹೆಚ್ಚು. ಇವರಿಗೆ ತುರ್ತುಪರಿಸ್ಥಿತಿ 1975ರಲ್ಲಿ ಬಂದು 1977ರಲ್ಲಿ ಹೋಗಲಿಲ್ಲ. ಅದಕ್ಕೆ ಮೊದಲೂ ಏಟಿತ್ತು, ಆಮೇಲೂ ಇತ್ತು. ರಾಜಕೀಯ ಕೈದಿ ಅನ್ನೋ ಮರ್ಯಾದೆ ಹೊತ್ತು ಬಂದ ಒಬ್ಬಾಕೆ ಆ ಮರ್ಯಾದೆಯನ್ನು ಪಕ್ಕಕ್ಕಿಟ್ಟು ಇವರ ಸಾಲಿನಲ್ಲಿ ಕೂತಳಲ್ಲ, ನಮ್ಮ ಲೆಕ್ಕದಲ್ಲಿ ಅದೇ ಆಕೆಯ ನಿಜವಾದ ರಾಜಕೀಯ. ಅಗ್ರಹಾರ ಚರ್ಚೆ ಮಾಡುತ್ತಿದ್ದಾಗ ಚಂದ್ರಿ ಹೆಣ ಸುಟ್ಟ ಹಾಗೆ.

*

1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಸಾವು ಜೈಲಿನ ಲೆಕ್ಕಕ್ಕೆ ಬರಬಾರದು ಅಂತ ಇದ್ದೀತು. ಜನವರಿ 18ರಂದು ಪ್ರಧಾನಿ ಆಕಾಶವಾಣಿಯಲ್ಲಿ ಚುನಾವಣೆ ಘೋಷಿಸಿದರು. ಜನವರಿ 20ರಂದು ಸ್ನೇಹಲತಾ ತೀರಿಕೊಂಡರು. ನಲವತ್ತೈದರ ಆಸುಪಾಸಿನ ವಯಸ್ಸು.

ಆಮೇಲಿನದು ಗೊತ್ತಿರುವ ಚರಿತ್ರೆ. ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಸೋತರು, ಡೈನಮೈಟ್ ಮೊಕದ್ದಮೆ ವಾಪಸ್ಸಾಯಿತು, ಜಾರ್ಜ್ ಮಂತ್ರಿಯಾದರು. 1978ರ ನವೆಂಬರಿನಲ್ಲಿ ಇಂದಿರಾ ಮತ್ತೆ ಲೋಕಸಭೆಗೆ ಗೆದ್ದುಹೋದದ್ದು ನಮ್ಮ ಚಿಕ್ಕಮಗಳೂರಿನಿಂದಲೇ. ಚಂದ್ರಿ ನಡೆದಾಡಿದ ಶೃಂಗೇರಿ ಇರುವುದು ಅದೇ ಜಿಲ್ಲೆಯಲ್ಲಿ. ಜನ ಯಾಕೆ ಗೆಲ್ಲಿಸಿದರು ಅನ್ನೋದಕ್ಕೆ ಮೇಲೆ ಹೇಳಿದ ಭೂಮಿ-ಜೀತದ ಲೆಕ್ಕದಲ್ಲಿ ಅರ್ಧ ಉತ್ತರವಿದೆ, ಅವರನ್ನು ಬೈದು ಪ್ರಯೋಜನವಿಲ್ಲ. ಅದೇ ಬೆಂಗಳೂರು ಜೈಲಿನಲ್ಲಿದ್ದ ವಾಜಪೇಯಿ ಮುಂದೆ ಪ್ರಧಾನಿಯಾದರು, ಅಡ್ವಾಣಿ ಉಪಪ್ರಧಾನಿಯಾದರು. ಪ್ರತಿ ಜೂನ್ ಬಂತೆಂದರೆ ತುರ್ತುಪರಿಸ್ಥಿತಿಯ ಹೋರಾಟಗಾರರು ಅಂತ ಹೊಗಳಿಸಿಕೊಳ್ಳುವವರಿಗೆ ಲೆಕ್ಕವಿಲ್ಲ. ಜೈಲಿನಿಂದ ಅಧಿಕಾರಕ್ಕೆ ಹೋದವರ ಕತೆಗೆ ಹಾರವಿದೆ; ಜೈಲಿನಿಂದ ಮಸಣಕ್ಕೆ ಹೋದಾಕೆಯ ಕತೆಗೆ ಒಂದು ಸಾಲು.

ಮಗಳು ನಂದನಾ ರೆಡ್ಡಿ ಬೆಂಗಳೂರಿನಲ್ಲಿ ದುಡಿಯುವ ಮಕ್ಕಳ ನಡುವೆ ಕೆಲಸಕ್ಕೆ ನಿಂತರು. ಅವರ ಸಂಸ್ಥೆಯ ಬೆಂಬಲದಲ್ಲಿ 1990ರಲ್ಲಿ 'ಭೀಮ ಸಂಘ' ಅಂತ ದುಡಿಯುವ ಮಕ್ಕಳದೇ ಸಂಘಟನೆ ಹುಟ್ಟಿತು. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನೂ ತನ್ನ ಬಗ್ಗೆ ತಾನೇ ಮಾತಾಡಬಲ್ಲ ಅನ್ನೋ ನಂಬಿಕೆ ಅದರ ಹಿಂದಿತ್ತು. ಆ ವಾರ್ಡಿನ ಪಾಠ ಹಾಗೆ ಹರಿದುಬಂತು ಅಂತ ನಾವು ತಿಳಿಯುತ್ತೇವೆ.

*

ಮೀಸಾ ಹೋಯಿತು. ಬೇರೆ ಹೆಸರಿನ ಕಾನೂನುಗಳು ಉಳಿದವು. ಬೆಂಗಳೂರು ದಂಡಿನ ಬೆನ್ಸನ್ ಟೌನ್‌ನಲ್ಲಿರುವ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ಗೆ ಒಂದು ಕಾಲದಲ್ಲಿ ನಿರ್ದೇಶಕರಾಗಿದ್ದ ಪಾದ್ರಿ ಸ್ಟಾನ್ ಸ್ವಾಮಿ, ಆಮೇಲೆ ಜಾರ್ಖಂಡಿನ ಆದಿವಾಸಿಗಳ ಪರ ದುಡಿದವರು. 2020ರಲ್ಲಿ ಅವರನ್ನು ಯುಎಪಿಎ ಕಾನೂನಿನಡಿ ಹಿಡಿದರು. ಪಾರ್ಕಿನ್ಸನ್ ರೋಗ, ಕೈ ನಡುಗಿ ಲೋಟ ಹಿಡಿಯಲಾಗದ ಮುದುಕ. ಜಾಮೀನು ಸಿಗುವ ಮೊದಲೇ 2021ರ ಜುಲೈ 5ರಂದು ಸತ್ತರು. ಆಗ ಯಾವ ತುರ್ತುಪರಿಸ್ಥಿತಿಯೂ ಘೋಷಣೆಯಾಗಿರಲಿಲ್ಲ. ಉಬ್ಬಸದಾಕೆಗೆ ಔಷಧ ಕೊಡದ ಕೈಗೂ ನಡುಗುವವನಿಗೆ ಜಾಮೀನು ಕೊಡದ ಕೈಗೂ ಪಕ್ಷ ಬೇರೆ ಇರಬಹುದು, ಬಣ್ಣ ಬೇರೆ ಇರಬಹುದು. ಹಿಡಿತ ಒಂದೇ.

ಹಳೇ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ 2008ರಲ್ಲಿ ಅದನ್ನು ಉದ್ಯಾನ ಮಾಡಿದರು. ಹೊಸ ಜೈಲಿನ ಊರ ಹೆಸರಲ್ಲೂ ಒಂದು ಅಗ್ರಹಾರ ಇದೆ ನೋಡಿ! ಈಗ ಬೆಂಗಳೂರಿನಲ್ಲಿ ಧರಣಿ ಕೂರಬೇಕೆಂದರೆ ನಮಗೆ ತೋರಿಸುವ ಜಾಗ ಈ ಪಾರ್ಕೇ. ಅಂಗನವಾಡಿ ಅಕ್ಕಂದಿರು, ಪೌರಕಾರ್ಮಿಕರು, ಬಿಸಿಯೂಟದ ಹೆಂಗಸರು ಬಂದು ಕೂರುವುದು ಆ ಗೋಡೆಗಳ ಪಕ್ಕದಲ್ಲೇ. ಅಲ್ಲಿ ಕೂತವರಿಗೆ ನಾವು ಹೇಳಬೇಕಾದ್ದು ಇದು: ಇಲ್ಲಿ ಒಬ್ಬಾಕೆ ಇದ್ದಳು, ಸಿನಿಮಾದಲ್ಲಿ ಚಂದ್ರಿಯಾಗಿದ್ದಳು, ಹೆಸರು ಗೊತ್ತಿಲ್ಲದ ಹೆಂಗಸರಿಗೆ ಏಟು ಬೀಳಬಾರದು ಅಂತ ಇಲ್ಲೇ ಅನ್ನ ಬಿಟ್ಟಳು.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ನಮ್ಮದೊಂದು ಕೋರಿಕೆ. ಜನವರಿ 20ರಂದು ತರಗತಿಯಲ್ಲಿ ಹತ್ತು ನಿಮಿಷ ಬಿಡುವು ಮಾಡಿಕೊಂಡು ಈ ಕತೆ ಹೇಳಿ. ಫೋಟೋ ಬೇಡ, ಹಾರ ಬೇಡ. ಕತೆ ಹೇಳಿದ ಮೇಲೆ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಆ ವಾರ್ಡಿನಲ್ಲಿ ಏಟು ತಿಂದ ಹೆಂಗಸರ ಹೆಸರು ಏನಿದ್ದೀತು? ಮಕ್ಕಳು ತಮಗೆ ಗೊತ್ತಿರುವ ಹೆಸರು ಹೇಳುತ್ತಾರೆ. ಅವರ ಅವ್ವಂದಿರ, ಅಜ್ಜಿಯರ, ಅತ್ತೆಯರ ಹೆಸರು. ಕರಿಹಲಗೆಯ ಮೇಲೆ ಅವನ್ನು ಬರೆಯಿರಿ.